ಟೈರಿನ ಗಾಳಿ

ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನು ನಾನು.
ಇಂಜಿನ್ನಿನ ಕೆಮ್ಮು ಗೊತ್ತು, ಕ್ಲಚ್ಚಿನ ಮುನಿಸು ಗೊತ್ತು,
ಗೊರೂರಿನ ತಿರುವಿನಲ್ಲಿ ಯಾವ ನಾಯಿ ಎಷ್ಟೊತ್ತಿಗೆ
ಅಡ್ಡ ಮಲಗುತ್ತದೆಂಬುದೂ ಗೊತ್ತು.
ಇದೊಂದು ಗೊತ್ತಿರಲಿಲ್ಲ.

ಹೆರಿಗೆ ರಜೆ ಮುಗಿಸಿ ದಾಕ್ಷಾಯಿಣಿ
ನನ್ನ ಬಸ್ಸಿಗೆ ಕಂಡಕ್ಟರಾಗಿ ಬಂದ ಮೂರನೇ ದಿನ
ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಕಿರ್ರೆಂದಿತು.
ಚಿಲ್ಲರೆ ಎಣಿಸುತ್ತಿದ್ದ ಕೈ ನಿಂತಿತು.
ಟಿಕೆಟ್ ಮಿಷನ್ನು ಎದೆಗೆ ಅವುಚಿಕೊಂಡು
ಅರ್ಧ ದಾರಿ ಹಾಗೇ ನಿಂತಳು.
ಕನ್ನಡಿಯಲ್ಲಿ ಕಂಡೆ: ಖಾಕಿಯ ಮೇಲೆ
ಎರಡು ಒದ್ದೆ ಕಲೆ, ಅಗಲವಾಗುತ್ತ.
ಬೆವರು ಅಂದುಕೊಂಡೆ, ದಡ್ಡ.

ಕಟ್ಟಾಯದ ಸ್ಟಾಪಿನಲ್ಲಿ ಅವಳ ಅತ್ತೆ
ಮಗುವನ್ನು ಕಂಕುಳಲ್ಲಿಟ್ಟು ನಿಂತಿರುತ್ತಾರೆ.
ದಿನಕ್ಕೆ ಆರು ಸಲ ಅದರ ಮುಂದೆ ಹಾದುಹೋಗುತ್ತೇವೆ.
ನಿಲ್ಲುವುದು ಒಂದು ನಿಮಿಷ, ಅದೂ ಇಳಿಯುವವರಿದ್ದರೆ.
ಬಾಗಿಲ ಕಂಬಿ ಹಿಡಿದು ಬಗ್ಗಿ
ಅದರ ಕಾಲಿನ ಒಂದು ಬೆರಳು ಮುಟ್ಟಿ
"ರೈಟ್" ಅನ್ನುತ್ತಾಳೆ.
ಆ ರೈಟಿಗೆ ಗೇರ್ ಹಾಕಲು
ನನಗೆ ಕೈ ಬರುತ್ತಿರಲಿಲ್ಲ.

ನಾಲ್ಕನೇ ವಾರ ಜ್ವರ. ಎದೆ ಕಲ್ಲುಗಟ್ಟಿದೆಯಂತೆ ಎಂದು
ಡಿಪೋದಲ್ಲಿ ಯಾರೋ ಹೇಳಿದರು. ಇಬ್ಬರು ನಕ್ಕರು.
ನಾನು ಮುಖ ಆಚೆ ಮಾಡಿ ಬೀಡಿ ಹಚ್ಚಿದೆ.
ಅದೂ ನಕ್ಕ ಹಾಗೇ.

ರಾತ್ರಿ ಹೆಂಡತಿಯನ್ನು ಕೇಳಿದೆ:
ಸಣ್ಣತಾಯಿ, ನೀನು ಕಾಫಿ ಕ್ಯೂರಿಂಗಿಗೆ ಹೋಗ್ತಿದ್ದಾಗ
ದೊಡ್ಡೋನು ಮೂರು ತಿಂಗಳ ಕೂಸಲ್ವೇನೆ?
ಹಾಲು ಏನು ಮಾಡ್ತಿದ್ದೆ?

ಮುದ್ದೆ ತಿರುವುತ್ತಿದ್ದ ಕೋಲು ನಿಲ್ಲಲಿಲ್ಲ.
"ಕಕ್ಕಸಿನ ಗೋಡೆಗೆ ಹಿಂಡ್ತಿದ್ದೆ.
ಇರುವೆ ಸಾಲು ಹಿಡಿದು ಬರ್ತಿದ್ವು.
ಅವಕ್ಕಾದ್ರೂ ಆಯ್ತಲ್ಲ ಅನ್ಕೊತಿದ್ದೆ."
ಆಮೇಲೆ, ಒಲೆ ಸಣ್ಣ ಮಾಡುತ್ತ:
"ಇಪ್ಪತ್ತೊಂಬತ್ತು ವರ್ಷಕ್ಕೆ ಕೇಳಿದ್ಯಲ್ಲ, ಪುಣ್ಯಾತ್ಮ."

ಬೆಳಗಾಗೆದ್ದು ಹಾಸನದ ಸ್ಟ್ಯಾಂಡಿನಲ್ಲಿ
ಕಂಟ್ರೋಲರ್ ಅನ್ಸರ್ ಪಾಷರ ಮುಂದೆ ನಿಂತೆ.
ಏನಂತ ಕೇಳಲಿ? ಬಾಯಿಗೆ ಮಾತು ಬಾರದೆ
"ಸಾರ್, ಆ ಕಳೆದುಹೋದ ಸಾಮಾನಿನ ರೂಮು..." ಅಂದೆ.
ಅವರು ಬಹಳ ಹೊತ್ತು ಲಾಗ್‌ಶೀಟ್ ನೋಡಿದರು.
ಮೇಜಿನ ಖಾನೆಯಿಂದ ಕೀ ತೆಗೆದಿಟ್ಟರು.
"ನಮ್ಮ ತಂಗೀನೂ ಟೀಚರು" ಅಂದರು, ಅಷ್ಟೇ.
ಬರೆದು ಕೊಡಲಿಲ್ಲ. ಬರೆದರೆ ಮೇಲಿನವರು
ಯಾವ ರೂಲಿನಲ್ಲಿದೆ ಅಂತ ಕೇಳುತ್ತಾರಂತೆ.

ಹದಿನೇಳು ಕೊಡೆ, ಒಂಟಿ ಚಪ್ಪಲಿಗಳು,
ಯಾರೂ ಹುಡುಕಿಕೊಂಡು ಬರದ ಒಂದು ಹಾರ್ಮೋನಿಯಂ.
ಸಣ್ಣತಾಯಿ ಬಂದು ಗುಡಿಸಿದಳು, ಯಾರೂ ಕರೆದಿರಲಿಲ್ಲ.
ಕಿಟಕಿಗೆ ತನ್ನ ಹಳೇ ಸೀರೆ ಕಟ್ಟಿದಳು.
ಚಿಲಕ ಮುರಿದ ಬಾಗಿಲಿಗೆ ಒಳಗಿಂದ ಅಡ್ಡ ಕೊಡಲು
ನಮ್ಮ ಬಸ್ಸಿನ ಬಣ್ಣ ಹೋದ ಬೋರ್ಡು:
ಹಾಸನ, ಗೊರೂರು, ಅರಕಲಗೂಡು.

ಈಗ ಹನ್ನೊಂದೂ ಹತ್ತರ ಗಾಡಿ
ಹನ್ನೊಂದೂ ಇಪ್ಪತ್ತೆರಡಕ್ಕೆ ಹೊರಡುತ್ತದೆ.
"ಯಾಕ್ರೀ ಲೇಟು?" ಅಂದರೆ
"ಟೈರಿನ ಗಾಳಿ ನೋಡ್ಬೇಕು" ಅನ್ನುತ್ತೇನೆ.
ಇಳಿದು ಸ್ಪ್ಯಾನರಿನಿಂದ ಒಂದೊಂದೇ ಚಕ್ರ ಬಡಿಯುತ್ತೇನೆ.
ಆರೂ ಗಟ್ಟಿಯಾಗಿವೆ. ಮತ್ತೆ ಬಡಿಯುತ್ತೇನೆ.
ಸೊಪ್ಪಿನ ಮಂಕರಿಯ ಮುದುಕಿಯೊಬ್ಬಳಿಗೆ ಗೊತ್ತಾಗಿದೆ.
"ನಿಧಾನಕ್ಕೆ ತುಂಬ್ಲಿ ಬುಡಪ್ಪ ಗಾಳಿ" ಅನ್ನುತ್ತಾಳೆ,
ಎಲೆಗೆ ಸುಣ್ಣ ಹಚ್ಚುತ್ತ.

ದಾಕ್ಷಾಯಿಣಿ ಬರುತ್ತಾಳೆ.
ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯನ್ನು
ನನ್ನ ಸೀಟಿನ ಹಿಂದೆ, ಇಂಜಿನ್ನಿನ ಬಿಸಿ ತಾಗದ ಕಡೆ ಇಡುತ್ತಾಳೆ.
ನಾನು ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದ್ದೇನೆ.
ಆ ರಸ್ತೆಯ ಹಂಪುಗಳನ್ನೆಲ್ಲ
ಹೊಸಬನ ಹಾಗೆ ಮತ್ತೆ ಕಲಿಯುತ್ತಿದ್ದೇನೆ.

ನಿನ್ನೆ ಕಟ್ಟಾಯ ಬಂತು. ಕಿಟಕಿಯಿಂದ ಡಬ್ಬಿ ಇಳಿಯಿತು.
ಕೂಸು ಡಬ್ಬಿಯನ್ನು ನೋಡಲಿಲ್ಲ,
ಖಾಕಿಯನ್ನೇ ನೋಡಿತು.
"ರೈಟ್" ಬರಲಿಲ್ಲ.
ನಾನೂ ಗೇರ್ ಹಾಕಲಿಲ್ಲ.